ಕೊನೆಯ ಕೋಣೆಗೆ ತಂಪು ತಲುಪದಿದ್ದರೆ: ಡಕ್ಟ್ ಎಸಿ ಇರುವ ಮನೆಗಳಲ್ಲಿ ದೋಷ ಹುಡುಕುವ ಕ್ರಮ

ಏಪ್ರಿಲ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಡಕ್ಟ್ ಎಸಿ (ಒಂದೇ ಯಂತ್ರದ ತಂಪು ಗಾಳಿಯನ್ನು ಡಕ್ಟ್, ಅಂದರೆ ಗಾಳಿ ಕೊಳವೆಗಳ ಮೂಲಕ ಕೋಣೆಗಳಿಗೆ ಹಂಚುವ ವ್ಯವಸ್ಥೆ) ಇರುವ ಮನೆಗಳಿಂದ ಬರುವ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಪಡಸಾಲೆ ತಣ್ಣಗಿದೆ, ದೊಡ್ಡ ಮಲಗುವ ಕೋಣೆ ಪರವಾಗಿಲ್ಲ, ಆದರೆ ಪಶ್ಚಿಮದ ಮೂಲೆಯ ಕೋಣೆಯಲ್ಲಿ ರಾತ್ರಿ ಹನ್ನೊಂದಾದರೂ ಮಲಗಲು ಆಗುವುದಿಲ್ಲ. ಇಷ್ಟು ಹೇಳಿ ಮನೆಯವರೇ ತೀರ್ಪನ್ನೂ ಕೊಟ್ಟುಬಿಡುತ್ತಾರೆ: ಗ್ಯಾಸ್ ಮುಗಿದಿರಬೇಕು, ತುಂಬಿಸಿಕೊಡಿ.

ಎಸಿಯ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸ್‌ನಂತೆ ಉರಿದು ಮುಗಿಯುವುದಿಲ್ಲ. ಅದು ಮುಚ್ಚಿದ ಕೊಳವೆಗಳೊಳಗೇ ಸುತ್ತುತ್ತಿರುತ್ತದೆ. ಎಲ್ಲಿಯೋ ಸೋರಿದರೆ ಮಾತ್ರ ಕಡಿಮೆಯಾಗುತ್ತದೆ, ಮತ್ತು ಹಾಗೆ ಕಡಿಮೆಯಾದಾಗ ಮನೆಯ ಎಲ್ಲ ಕೋಣೆಗಳ ತಂಪೂ ಒಟ್ಟಿಗೆ ಕುಂದುತ್ತದೆ. ಒಂದು ಕೋಣೆ ತಣ್ಣಗಿದ್ದು ಇನ್ನೊಂದು ಸುಡುತ್ತಿದ್ದರೆ ತಂಪು ತಯಾರಾಗುತ್ತಿದೆ, ಹಂಚಿಕೆಯಾಗುತ್ತಿಲ್ಲ ಎಂದರ್ಥ. ಅಲ್ಲಿ ಹುಡುಕಬೇಕಾದದ್ದು ಫಾಲ್ಸ್ ಸೀಲಿಂಗ್ ಮೇಲಿನ ಡಕ್ಟ್‌ಗಳನ್ನು ಮತ್ತು ಯಂತ್ರಕ್ಕೆ ಗಾಳಿ ಮರಳುವ ದಾರಿಯನ್ನು. ಇಷ್ಟನ್ನು ಅಳೆದು ನೋಡದೆ ಗ್ಯಾಸ್ ತುಂಬಿಸುವುದು ಹಣ ದಂಡ ಮಾತ್ರವಲ್ಲ. ಸರಿಯಾಗಿದ್ದ ಯಂತ್ರಕ್ಕೆ ಹೆಚ್ಚು ಗ್ಯಾಸ್ ಹೋದರೆ ಕಂಪ್ರೆಸರ್ ಮೇಲೆ ಹೊರೆ ಬಿದ್ದು ಅದರ ಆಯುಷ್ಯವೂ ಕಡಿಮೆಯಾಗುತ್ತದೆ.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಪ್ಯಾಸೇಜಿನ ಅಥವಾ ಬಚ್ಚಲುಮನೆಯ ಫಾಲ್ಸ್ ಸೀಲಿಂಗ್ ಮೇಲೆ ಒಂದೇ ಯಂತ್ರವನ್ನು ತೂಗುಹಾಕಿ, ಅಲ್ಲಿಂದ ಎರಡು ಮೂರು ಕೋಣೆಗಳಿಗೆ ಡಕ್ಟ್ ಎಳೆದಿರುವ ಮನೆಗಳ ಬಗ್ಗೆ.

ಏಣಿ ಹತ್ತುವ ಮೊದಲು

ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಸೆಕೆಯ ಕೋಣೆಯ ಬಾಗಿಲು ಮುಚ್ಚಿ, ತಂಪು ಗಾಳಿ ಬೀಳುವ ಗ್ರಿಲ್ ಕೆಳಗೆ ತೆಳುವಾದ ಟಿಶ್ಯೂ ಕಾಗದದ ಪಟ್ಟಿ ಹಿಡಿದು ಅದು ಎಷ್ಟು ಹಾರುತ್ತದೆ ನೋಡಿ. ಈಗ ಬೇರೊಬ್ಬರಿಗೆ ಬಾಗಿಲು ತೆರೆಯಲು ಹೇಳಿ. ಬಾಗಿಲು ತೆರೆದ ಕೂಡಲೇ ಕಾಗದ ಜೋರಾಗಿ ಹಾರಿದರೆ ದೋಷ ಅರ್ಧ ಸಿಕ್ಕಂತೆ: ಕೋಣೆಗೆ ಹೋದ ಗಾಳಿಗೆ ಮರಳಿ ಬರಲು ದಾರಿಯಿಲ್ಲ. ಗಾಳಿ ತುಂಬಿಕೊಂಡ ಕೋಣೆ ಹೊಸ ಗಾಳಿಯನ್ನು ಒಳಗೆ ಬಿಡುವುದಿಲ್ಲ.

ಎರಡನೆಯದು ಫಿಲ್ಟರ್. ಹುಬ್ಬಳ್ಳಿಯ ದೂಳನ್ನು ಹೊಸದಾಗಿ ವರ್ಣಿಸಬೇಕಾಗಿಲ್ಲ. ಎರೆ ಮಣ್ಣು ಒಣಗಿದರೆ ಹಿಟ್ಟಿನಷ್ಟು ನುಣುಪು. ಗದಗದ ಕಡೆಯ ಬೇಸಿಗೆಯ ಗಾಳಿ ಜೊತೆ ಸೇರಿದರೆ ಮುಚ್ಚಿದ ಕಿಟಕಿಯ ಸಂದಿನಲ್ಲೂ ನುಸುಳುತ್ತದೆ. ಯಂತ್ರದೊಂದಿಗೆ ಬರುವ ಪುಸ್ತಿಕೆಯಲ್ಲಿ ಎಷ್ಟೇ ವಾರ ಎಂದು ಬರೆದಿರಲಿ, ಮಾರ್ಚ್‌ನಿಂದ ಮೇ ತನಕ ನಮ್ಮ ಕಡೆ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯಬೇಕು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ವಾರಕ್ಕೊಮ್ಮೆ. ತೊಳೆದ ಫಿಲ್ಟರ್ ಪೂರ್ತಿ ಒಣಗಿದ ಮೇಲೆಯೇ ಹಾಕಿ.

ಗ್ರಿಲ್ ಹಿಂದಿನ ಡ್ಯಾಂಪರ್, ಅಂದರೆ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಮುಚ್ಚಳ, ತೆರೆದಿದೆಯೇ ಎಂದೂ ನೋಡಿ. ಬಣ್ಣ ಬಳಿಯುವವರು ಗ್ರಿಲ್ ಬಿಚ್ಚಿ ಮರಳಿ ಹಾಕುವಾಗ ಅದನ್ನು ಮುಚ್ಚಿ ಹೋಗಿರುವುದು ಅಪರೂಪವೇನಲ್ಲ.

ಎರಡು ಥರ್ಮಾಮೀಟರ್, ನಾಲ್ಕು ಜಾಗ

ಸರಳ ಡಿಜಿಟಲ್ ಥರ್ಮಾಮೀಟರ್ ಎರಡು ಬೇಕು. ಮೊದಲು ಅವೆರಡನ್ನೂ ಒಂದೇ ಕಡೆ ಸ್ವಲ್ಪ ಹೊತ್ತು ಇಟ್ಟು, ಒಂದೇ ಅಂಕಿ ತೋರಿಸುತ್ತವೆಯೇ ಎಂದು ಖಚಿತಪಡಿಸಿಕೊಳ್ಳಿ. ಯಂತ್ರವನ್ನು 18 ಡಿಗ್ರಿಗೆ ಇಟ್ಟು, ಫ್ಯಾನ್ ವೇಗ ಗರಿಷ್ಠ ಮಾಡಿ, ಇಪ್ಪತ್ತು ನಿಮಿಷ ಓಡಲು ಬಿಡಿ. ಇನ್‌ವರ್ಟರ್ ಯಂತ್ರ ಕೋಣೆ ತಣ್ಣಗಾದಂತೆ ತಾನೇ ನಿಧಾನವಾಗುತ್ತದೆ. ಆ ಸ್ಥಿತಿಯಲ್ಲಿ ಅಳೆದ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಅಳೆಯಬೇಕಾದ ಜಾಗಗಳು ನಾಲ್ಕು. ರಿಟರ್ನ್ ಗ್ರಿಲ್‌ನಲ್ಲಿ (ಕೋಣೆಗಳ ಗಾಳಿ ಯಂತ್ರಕ್ಕೆ ಮರಳುವ ಬಾಯಿ) ಒಳಹೋಗುವ ಗಾಳಿ, ಯಂತ್ರದ ಹಿಂಬಾಯಿಗೆ ತಲುಪುವ ಗಾಳಿ, ಯಂತ್ರದ ಮುಂಬಾಯಿಯ ಪೆಟ್ಟಿಗೆಯಿಂದ, ಅಂದರೆ ಪ್ಲೀನಮ್‌ನಿಂದ, ಹೊರಡುವ ಗಾಳಿ, ಕೊನೆಗೆ ಸೆಕೆಯ ಕೋಣೆಯ ಗ್ರಿಲ್‌ನಿಂದ ಬೀಳುವ ಗಾಳಿ.

ಯಂತ್ರದ ಹಿಂಬಾಯಿಗೂ ಮುಂಬಾಯಿಗೂ 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದು ಗಾಳಿಯೂ ಚೆನ್ನಾಗಿದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ. ವ್ಯತ್ಯಾಸ 13, 14 ದಾಟಿ ಗಾಳಿ ಮಂದವಾಗಿದ್ದರೆ ಕಾಯಿಲ್, ಅಂದರೆ ಗಾಳಿಯನ್ನು ತಣಿಸುವ ಕೊಳವೆಸುರುಳಿ, ಅದರ ಮೇಲೆ ಸಾಕಷ್ಟು ಗಾಳಿ ಹಾಯುತ್ತಿಲ್ಲ. ಫಿಲ್ಟರ್, ರಿಟರ್ನ್, ಡಕ್ಟ್, ಬ್ಲೋವರ್ (ಯಂತ್ರದೊಳಗೆ ಗಾಳಿ ತಳ್ಳುವ ಫ್ಯಾನ್) ಈ ನಾಲ್ಕರಲ್ಲಿ ಒಂದು ಕಟ್ಟಿಕೊಂಡಿದೆ. ಇದೇ ಸ್ಥಿತಿ ಮುಂದುವರಿದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಮಂಜು ಕಂಡರೆ ಕೆರೆಯಲು ಹೋಗಬೇಡಿ, ತಂಪು ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿ ಕರಗಿಸಿ. ಗಾಳಿ ಜೋರಾಗಿದ್ದೂ ವ್ಯತ್ಯಾಸ 7ಕ್ಕಿಂತ ಕಡಿಮೆಯಿದ್ದರೆ ಆಗ ಗ್ಯಾಸ್ ಸೋರಿಕೆ, ಕಂಪ್ರೆಸರ್ ಅಥವಾ ದೂಳು ಮೆತ್ತಿದ ಹೊರಗಿನ ಕಾಯಿಲ್ ಬಗ್ಗೆ ಯೋಚಿಸಬೇಕು. ಮೆಕ್ಯಾನಿಕ್‌ನನ್ನು ಕರೆಯಬೇಕಾದದ್ದು ಈ ಸಂದರ್ಭದಲ್ಲಿ. ಕರೆದಾಗ ‘ತುಂಬಿಸಿ’ ಎನ್ನಬೇಡಿ, ‘ಸೋರಿಕೆ ಎಲ್ಲಿ ಎಂದು ತೋರಿಸಿ, ಮುಚ್ಚಿ, ಆಮೇಲೆ ತುಂಬಿಸಿ’ ಎನ್ನಿ.

ಪ್ಲೀನಮ್‌ನಿಂದ 15 ಡಿಗ್ರಿಯಲ್ಲಿ ಹೊರಟ ಗಾಳಿ ಕೊನೆಯ ಗ್ರಿಲ್‌ಗೆ 19 ಆಗಿ ತಲುಪಿದರೆ ನಾಲ್ಕು ಡಿಗ್ರಿ ದಾರಿಯಲ್ಲೇ ಕಳೆದುಹೋಯಿತು. ಎರಡು ಡಿಗ್ರಿಯವರೆಗೆ ಸಹಿಸಬಹುದು, ಅದಕ್ಕಿಂತ ಹೆಚ್ಚಾದರೆ ಡಕ್ಟ್‌ನ ಹೊದಿಕೆ ಸಾಲದು, ಇಲ್ಲವೇ ಆ ಡಕ್ಟ್‌ನಲ್ಲಿ ಗಾಳಿ ತೀರ ನಿಧಾನವಾಗಿ ಹರಿಯುತ್ತಿದೆ. ಮೇಲಂತಸ್ತಿನ ಕೋಣೆಯಾಗಿದ್ದರೆ ಇದನ್ನು ಸಂಜೆ ಏಳು ಗಂಟೆಗೆ ಅಳೆಯಿರಿ. ಆರ್‌ಸಿಸಿ ಸ್ಲ್ಯಾಬ್ ಹಗಲಿಡೀ ಹೀರಿದ ಬಿಸಿಲನ್ನು ಕೆಳಕ್ಕೆ ಬಿಡುವುದು ಸಂಜೆಯೇ. ಮಧ್ಯಾಹ್ನ ಎಲ್ಲ ಸರಿಯಿತ್ತು ಎಂದು ಹೊರಟುಹೋದವನಿಗೆ ರಾತ್ರಿಯ ದೂರು ಅರ್ಥವಾಗುವುದಿಲ್ಲ.

ರಿಟರ್ನ್: ಹೆಚ್ಚಿನ ದೋಷಗಳ ತವರು

ನಮ್ಮಲ್ಲಿ ಮನೆ ಕಟ್ಟಿಸುವವರು ತಂಪು ಗಾಳಿ ಎಲ್ಲೆಲ್ಲಿ ಬೀಳಬೇಕು ಎಂದು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಅದೇ ಗಾಳಿ ಯಂತ್ರಕ್ಕೆ ಹೇಗೆ ಮರಳಬೇಕು ಎಂಬುದನ್ನು ಕೇಳುವವರು ಕಡಿಮೆ. ಎಷ್ಟು ಗಾಳಿ ಹೊರಗೆ ಹೋಗುತ್ತದೋ ಅಷ್ಟೇ ಗಾಳಿ ಒಳಗೆ ಬರಬೇಕು. ಬರದಿದ್ದರೆ ಹೊರಗೂ ಹೋಗದು.

ಲೆಕ್ಕ ಸರಳವಾಗಿದೆ. ಒಂದು ಟನ್ (ಎಸಿಯ ಸಾಮರ್ಥ್ಯದ ಅಳತೆ) ತಂಪಿಗೆ ಸುಮಾರು 400 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 400 ಘನ ಅಡಿ ಗಾಳಿ ಬೇಕು. ಅರ್ಧ ಟನ್ ಬೇಡುವ ಮಲಗುವ ಕೋಣೆಗೆ 200 ಸಿಎಫ್‌ಎಂ. ಬಾಗಿಲು ಮುಚ್ಚಿದಾಗ ಈ 200 ಹೊರಬರಬೇಕಾದದ್ದು ಬಾಗಿಲ ಕೆಳಗಿನ ಸಂದಿನಿಂದ. 30 ಇಂಚು ಅಗಲದ ಬಾಗಿಲಿಗೆ ಅರ್ಧ ಇಂಚು ಸಂದು ಎಂದರೆ 15 ಚದರ ಇಂಚು. ಒಂದು ಚದರ ಇಂಚಿನಿಂದ ಸುಮಾರು 2 ಸಿಎಫ್‌ಎಂ ಸಲೀಸಾಗಿ ಹೋಗುತ್ತದೆ ಎಂಬ ರೂಢಿಯ ಲೆಕ್ಕದಲ್ಲಿ ಅಲ್ಲಿಂದ ದಾಟುವುದು ಬರೀ 30 ಸಿಎಫ್‌ಎಂ. ಉಳಿದ 170 ಎಲ್ಲಿಗೆ ಹೋಗಬೇಕು? ಕೋಣೆಯಲ್ಲಿ ಒತ್ತಡ ಏರುತ್ತದೆ, ಗ್ರಿಲ್‌ನ ಗಾಳಿ ಸೊರಗುತ್ತದೆ, ಹೋದಷ್ಟರಲ್ಲೂ ಬಹುಪಾಲು ಕಿಟಕಿಯ ಸಂದಿನಿಂದ ಬೀದಿಗೆ ಸೇರುತ್ತದೆ. ಪರಿಹಾರ ದುಬಾರಿಯೇನಲ್ಲ: ಬಾಗಿಲಿನ ಕೆಳಭಾಗದಲ್ಲೋ, ಬಾಗಿಲ ಮೇಲಿನ ಗೋಡೆಯಲ್ಲೋ 12 ಇಂಚು ಉದ್ದ 12 ಇಂಚು ಅಗಲದ ಗ್ರಿಲ್ ಒಂದನ್ನು ಕೂಡಿಸಿದರೆ ಅದರ ಪಟ್ಟಿಗಳು ತಿನ್ನುವ ಜಾಗ ಕಳೆದೂ ಸುಮಾರು 100 ಚದರ ಇಂಚು ಸಿಗುತ್ತದೆ. ಏಕಾಂತಕ್ಕೆ ಧಕ್ಕೆಯಾಗುತ್ತದೆ ಎನ್ನುವವರು ಗೋಡೆಯ ಈಚೆ ಕೆಳಗೂ ಆಚೆ ಮೇಲೂ ಗ್ರಿಲ್ ಇಟ್ಟು, ನಡುವೆ ಗೋಡೆಯೊಳಗೆ ಪೆಟ್ಟಿಗೆ ಮಾಡಿಸಬಹುದು. ಬೆಳಕು ಕಾಣದು, ಮಾತೂ ಅಷ್ಟಾಗಿ ಕೇಳದು.

ಮುಖ್ಯ ರಿಟರ್ನ್ ಗ್ರಿಲ್ ಕೂಡ ಅಳೆದು ನೋಡಿ. ಎರಡು ಟನ್ ಯಂತ್ರದ 800 ಸಿಎಫ್‌ಎಂಗೆ ಫಿಲ್ಟರ್ ಇರುವ ಗ್ರಿಲ್ 20 ಇಂಚು ಅಗಲ, 24 ಇಂಚು ಉದ್ದವಾದರೂ ಇರಬೇಕು. ಸೀಲಿಂಗ್ ವಿನ್ಯಾಸಕ್ಕೆ ಒಪ್ಪುವುದಿಲ್ಲವೆಂದು 12-24ಕ್ಕೆ ಇಳಿಸಿದ ಮನೆಗಳಲ್ಲಿ ರಿಟರ್ನ್ ಹತ್ತಿರ ನಿಂತರೆ ಗಾಳಿ ಸುಯ್ಯೆಂದು ಎಳೆಯುವ ಸದ್ದು ಮಾತನಾಡಲೂ ಅಡ್ಡಿಯಾಗುತ್ತದೆ. ಆ ಸದ್ದೇ ರೋಗದ ಲಕ್ಷಣ.

ಇನ್ನೊಂದು ಕೆಟ್ಟ ರೂಢಿ ಇದೆ. ರಿಟರ್ನ್ ಡಕ್ಟ್ ಹಾಕದೆ, ಫಾಲ್ಸ್ ಸೀಲಿಂಗ್ ಮೇಲಿನ ಟೊಳ್ಳನ್ನೇ ರಿಟರ್ನ್ ದಾರಿಯಾಗಿ ಬಳಸುವುದು. ತಗಡಿನ ಖರ್ಚು ಉಳಿಯುತ್ತದೆ, ನಿಜ. ಆದರೆ ಆ ಟೊಳ್ಳು ಸ್ಲ್ಯಾಬ್‌ಗೆ ಅಂಟಿಕೊಂಡಿರುವ ಜಾಗ. ಮಧ್ಯಾಹ್ನದ ಹೊತ್ತಿಗೆ 40 ಡಿಗ್ರಿ ಮುಟ್ಟುತ್ತದೆ. ಮೇಲೆ ಹೇಳಿದ ಮೊದಲ ಎರಡು ಅಳತೆಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ರಿಟರ್ನ್ ಗ್ರಿಲ್‌ನಲ್ಲಿ 27 ಡಿಗ್ರಿ, ಟೊಳ್ಳಿನಲ್ಲಿ 40, ಯಂತ್ರದ ಹಿಂಬಾಯಿಯಲ್ಲಿ 31 ಇದೆ ಎನ್ನಿ. 31ರಲ್ಲಿ 27 ಕಳೆದರೆ 4. 40ರಲ್ಲಿ 27 ಕಳೆದರೆ 13. ನಾಲ್ಕನ್ನು ಹದಿಮೂರರಿಂದ ಭಾಗಿಸಿದರೆ ಸುಮಾರು ಶೇಕಡ 31. ಅಂದರೆ ಯಂತ್ರ ಉಸಿರೆಳೆಯುವ ಗಾಳಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಕೋಣೆಯದಲ್ಲ, ಕಾದ ಟೊಳ್ಳಿನದು. ರಿಟರ್ನ್ ಡಕ್ಟ್ ಇದ್ದೂ ಅದರ ಕೀಲುಗಳು ಬಿಟ್ಟುಕೊಂಡಿದ್ದರೂ ಇದೇ ಅಂಕಿಗಳು ಬರುತ್ತವೆ. ಯಾವ ಯಂತ್ರ ಇದನ್ನು ತಾಳಿಕೊಂಡೀತು?

ಸೋರುವ ರಿಟರ್ನ್ ಇನ್ನೊಂದು ಗುರುತನ್ನೂ ಬಿಡುತ್ತದೆ. ಫಿಲ್ಟರ್ ಶುಭ್ರವಾಗಿದ್ದರೂ ಕಾಯಿಲ್ ಮೇಲೆ ದೂಳು ಗಟ್ಟಿಯಾಗಿ ಕೂತಿದ್ದರೆ ಗಾಳಿ ಫಿಲ್ಟರ್ ದಾಟದೆ ಬೇರೆ ಕಡೆಯಿಂದ ಬರುತ್ತಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯ ಹೊತ್ತಿನಲ್ಲಿ ಇದಕ್ಕೆ ಉಪಕರಣವೇ ಬೇಡ: ಕಿಟಕಿ ಬಾಗಿಲು ಭದ್ರವಾಗಿದ್ದೂ ಎಸಿ ಹಾಕಿದ ಕೂಡಲೇ ಘಾಟು ಬಂದು ಕೆಮ್ಮು ಹತ್ತಿದರೆ ಹೊರಗಿನ ಗಾಳಿಯನ್ನು ಡಕ್ಟ್ ಎಲ್ಲಿಂದಲೋ ಹೀರುತ್ತಿದೆ ಎಂದೇ ತಿಳಿಯಬೇಕು. ಊದುಬತ್ತಿ ಹಚ್ಚಿ ರಿಟರ್ನ್ ಪೆಟ್ಟಿಗೆಯ ಒಂದೊಂದು ಕೀಲಿನ ಬಳಿಯೂ ನಿಧಾನವಾಗಿ ಹಿಡಿಯಿರಿ. ಹೊಗೆ ಒಳಕ್ಕೆ ಬಾಗಿದಲ್ಲಿ ಬಿರುಕಿದೆ. ಹೊದಿಕೆಗೆ ಕಿಡಿ ತಾಗದಂತೆ ಎಚ್ಚರವಿರಲಿ.

ಬೀಮ್ ಕೆಳಗೆ ನಜ್ಜುಗುಜ್ಜಾದ ಡಕ್ಟ್

ರಿಟರ್ನ್ ಸರಿಯಿದ್ದರೆ ಸಪ್ಲೈ, ಅಂದರೆ ತಂಪು ಗಾಳಿ ಕೋಣೆಗಳಿಗೆ ಹೋಗುವ ಕಡೆಗೆ ಬನ್ನಿ. ಮುಖ್ಯ ಡಕ್ಟ್ ತಗಡಿನದಾಗಿದ್ದು, ಕೋಣೆಗಳಿಗೆ ಹೋಗುವ ಕವಲುಗಳು ಮೆತ್ತಗಿನ ಫ್ಲೆಕ್ಸಿಬಲ್ ಡಕ್ಟ್ ಆಗಿರುವುದು ಸಾಮಾನ್ಯ. ಫ್ಲೆಕ್ಸಿಬಲ್ ಡಕ್ಟ್ ಕೆಟ್ಟ ವಸ್ತುವಲ್ಲ, ಆದರೆ ಅದನ್ನು ಎಳೆದು ಬಿಗಿಯಾಗಿ ಹಾಕಬೇಕು. ಉದ್ದ ಹೆಚ್ಚಾಯಿತೆಂದು ಕತ್ತರಿಸದೆ ಒಳಗೇ ಮಡಚಿ ತುರುಕಿದರೆ ಅದರ ಸುರುಳಿಗಳು ಒತ್ತೊತ್ತಾಗಿ ಒಳಮೈ ನಿರಿಗೆಗಟ್ಟುತ್ತದೆ. ಶೇಕಡ 15ರಷ್ಟು ಕುಗ್ಗಿದ್ದರೂ ಗಾಳಿಗೆ ಅಡ್ಡಿ ಸುಮಾರು ಇಮ್ಮಡಿಯಾಗುತ್ತದೆ. ಶೇಕಡ 30 ಕುಗ್ಗಿದರೆ ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. ತಿರುವಿನ ಒಳಭಾಗದ ತ್ರಿಜ್ಯ ಡಕ್ಟ್‌ನ ವ್ಯಾಸಕ್ಕಿಂತ ಕಡಿಮೆಯಿರಬಾರದು. ನಾಲ್ಕೈದು ಅಡಿಗೊಂದು ಅಗಲವಾದ ಪಟ್ಟಿಯ ಆಸರೆ ಬೇಕು, ತಂತಿಯಿಂದ ಬಿಗಿದರೆ ಡಕ್ಟ್‌ನ ಸೊಂಟ ಕುಯ್ದಂತೆ.

ನಮ್ಮ ಕಡೆ ಅತಿ ಹೆಚ್ಚು ಕಾಣುವ ತೊಂದರೆ ಬೀಮ್‌ಗಳದು. ಫಾಲ್ಸ್ ಸೀಲಿಂಗ್ ಒಂಬತ್ತು ಇಂಚು ಇಳಿಸುವುದೆಂದು ತೀರ್ಮಾನವಾಗಿರುತ್ತದೆ. ಬೀಮ್ ಆರು ಇಂಚು ಇಳಿದಿರುತ್ತದೆ. ಉಳಿದ ಮೂರು ಇಂಚಿನಲ್ಲಿ ಎಂಟು ಇಂಚಿನ ಡಕ್ಟ್ ನುಗ್ಗಬೇಕು. ನುಗ್ಗಿಸುತ್ತಾರೆ. ಪಿಒಪಿ ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ. ಸಂಶಯವಿದ್ದರೆ ಗ್ರಿಲ್ ಬಿಚ್ಚಿ, ಟಾರ್ಚ್ ಹಚ್ಚಿದ ಮೊಬೈಲನ್ನು ಕೈಚಾಚಿ ಒಳಗೆ ತೂರಿಸಿ ವಿಡಿಯೊ ತೆಗೆಯಿರಿ. ಚಪ್ಪಟೆಯಾದ ಡಕ್ಟ್ ಅದರಲ್ಲಿ ತಪ್ಪದೆ ಸಿಗುತ್ತದೆ. ಆ ಭಾಗಕ್ಕೆ ಮಾತ್ರ ಅಗಲವಾದ ಚಪ್ಪಟೆ ತಗಡಿನ ಡಕ್ಟ್ ಮಾಡಿಸಿ ಎರಡೂ ತುದಿಗೆ ಫ್ಲೆಕ್ಸಿಬಲ್ ಜೋಡಿಸುವುದು ಸರಿಯಾದ ದಾರಿ. ಅಗಲ ಎತ್ತರದ ನಾಲ್ಕು ಪಟ್ಟು ಮೀರದಂತೆ ನೋಡಿಕೊಳ್ಳಿ. ಬೀಮ್ ಕೊರೆಯುವ ಸಲಹೆ ಯಾರಾದರೂ ಕೊಟ್ಟರೆ, ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿಗೆ ಇಲ್ಲದೆ ಕೈ ಹಾಕಲು ಬಿಡಬೇಡಿ.

ಡಕ್ಟ್ ಎಲ್ಲಿಯೂ ನಜ್ಜಾಗಿಲ್ಲ, ಆದರೂ ಗಾಳಿ ಸಾಲದು ಎಂದಾದರೆ ವ್ಯಾಸ ನೋಡಿ. ಚೆನ್ನಾಗಿ ಎಳೆದು ಹಾಕಿದ ಆರು ಇಂಚಿನ ಫ್ಲೆಕ್ಸಿಬಲ್ ಡಕ್ಟ್ ಸದ್ದಿಲ್ಲದೆ ಒಯ್ಯುವುದು 75-80 ಸಿಎಫ್‌ಎಂ. ಎಂಟು ಇಂಚಿನದು ಅದರ ಇಮ್ಮಡಿಗೂ ತುಸು ಹೆಚ್ಚು, 160-180. 200 ಬೇಡುವ ಕೋಣೆಗೆ ಒಂದೇ ಆರಿಂಚಿನ ಕವಲು ಹಾಕಿದ್ದರೆ ಎಷ್ಟು ದೊಡ್ಡ ಯಂತ್ರ ತಂದರೂ ಆ ಕೋಣೆ ತಣ್ಣಗಾಗದು. ಪ್ಲೀನಮ್‌ನಿಂದಲೇ ಎರಡನೆಯ ಕವಲು ತೆಗೆಯಬೇಕು. ಇರುವ ಕವಲಿನ ನಡುವಿನಿಂದ ಟಿ ಹಾಕಿ ಇನ್ನೊಂದು ಗ್ರಿಲ್ ಕೊಟ್ಟರೆ ಇದ್ದ ಗಾಳಿಯೇ ಇಬ್ಭಾಗವಾಗುತ್ತದೆ, ಅಷ್ಟೇ.

ಗಾಳಿಯ ವೇಗ ಅಳೆಯುವ ಉಪಕರಣವಿಲ್ಲದಿದ್ದರೆ ದೊಡ್ಡ ಪ್ಲಾಸ್ಟಿಕ್ ಕಸದ ಚೀಲದಿಂದ ಕೋಣೆಗಳನ್ನು ಹೋಲಿಸಬಹುದು. ಚೀಲದ ಗಾಳಿಯನ್ನು ಪೂರ್ತಿ ಹಿಂಡಿ, ಬಾಯನ್ನು ಗ್ರಿಲ್‌ಗೆ ಒತ್ತಿ ಹಿಡಿದು, ಉಬ್ಬಲು ಎಷ್ಟು ಸೆಕೆಂಡು ಬೇಕೆಂದು ಎಣಿಸಿ. ಅದೇ ಚೀಲ ಒಂದು ಕೋಣೆಯಲ್ಲಿ ಎರಡು ಸೆಕೆಂಡಿಗೆ, ಇನ್ನೊಂದರಲ್ಲಿ ಆರು ಸೆಕೆಂಡಿಗೆ ಉಬ್ಬಿದರೆ ಅಂತರ ಮೂರು ಪಟ್ಟು.

ಒತ್ತಡವನ್ನೂ ಮನೆಯಲ್ಲೇ ಅಳೆಯಬಹುದು. ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪ್ ಸಾಕು. ಅದಕ್ಕೆ ಬಣ್ಣದ ನೀರು ಹಾಕಿ, ಎರಡೂ ತೋಳುಗಳನ್ನು ಒಂದು ಹಲಗೆಗೆ ಪಕ್ಕಪಕ್ಕದಲ್ಲಿ ಕಟ್ಟಿ, ಹಲಗೆಯನ್ನು ಐದಕ್ಕೆ ಒಂದರ ಇಳಿಜಾರಿನಲ್ಲಿ ಮಲಗಿಸಿ. ಒಂದು ತುದಿಯನ್ನು ಪ್ಲೀನಮ್‌ನಲ್ಲಿ ಕೊರೆದ ಸಣ್ಣ ತೂತಿಗೆ ಕೊಡಿ, ಇನ್ನೊಂದು ಕೋಣೆಯ ಗಾಳಿಗೆ ತೆರೆದಿರಲಿ. ಹಲಗೆಯ ಮೇಲೆ ಕಾಣುವ 5 ಮಿಲಿಮೀಟರ್ ವ್ಯತ್ಯಾಸ ನಿಜದಲ್ಲಿ 1 ಮಿಲಿಮೀಟರ್ ನೀರಿನ ಒತ್ತಡ, ಅಂದರೆ ಸುಮಾರು 10 ಪಾಸ್ಕಲ್. ರಿಟರ್ನ್ ಕಡೆಯೂ ಹೀಗೇ ಅಳೆದು ಎರಡನ್ನೂ ಕೂಡಿ. ಮೊತ್ತ ಯಂತ್ರದ ಪುಸ್ತಿಕೆಯಲ್ಲಿ ಕೊಟ್ಟ ಸ್ಟ್ಯಾಟಿಕ್ ಒತ್ತಡಕ್ಕಿಂತ (ಡಕ್ಟ್ ಅಡ್ಡಿಯ ಎದುರು ಬ್ಲೋವರ್ ತಾಳಬಲ್ಲ ಒತ್ತಡ) ಹೆಚ್ಚಿದ್ದರೆ ಬ್ಲೋವರ್ ಏದುಸಿರು ಬಿಡುತ್ತಿದೆ. ಎರಡರಲ್ಲಿ ಯಾವ ಬದಿಯ ಅಂಕಿ ದೊಡ್ಡದೋ ಆ ಬದಿಯಲ್ಲಿ ಅಡಚಣೆಯಿದೆ. ತೂತು ಕೊರೆಯುವ ಮೊದಲು ಎಂಸಿಬಿ ಇಳಿಸಿ, ಕಾಯಿಲ್ ಎಲ್ಲಿದೆ ಎಂದು ನೋಡಿ ಅದರಿಂದ ದೂರ ಕೊರೆಯಿರಿ, ಕೆಲಸ ಮುಗಿದ ಮೇಲೆ ತೂತು ಮುಚ್ಚಿ.

ಟೇಪ್

ಕೀಲುಗಳಿಗೆ ಬಟ್ಟೆಯ ಬೆನ್ನಿನ, ಬೂದು ಬಣ್ಣದ ‘ಡಕ್ಟ್ ಟೇಪ್’ ಸುತ್ತಿದ್ದರೆ ಕಿತ್ತು ಹಾಕಿ. 1998ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಸಂದು ಮುಚ್ಚುವ ಹಲವು ಬಗೆಯ ಸೀಲಂಟ್‌ಗಳನ್ನು ಡಕ್ಟ್‌ಗಳ ಮೇಲೆ ಪರೀಕ್ಷಿಸಿದಾಗ ಬಿಸಿಗೆ ಅಂಟು ಒಣಗಿ ಸೋತದ್ದು ಈ ಟೇಪೇ. ಮೊದಲು ಕೀಲನ್ನು ಸ್ಕ್ರೂ ಅಥವಾ ಕ್ಲಾಂಪ್‌ನಿಂದ ಬಿಗಿದು, ದೂಳು ಒರೆಸಿ, ಡಕ್ಟ್ ಸೀಲಂಟ್ ಬಳಿದು, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಉಜ್ಜಿ ಕೂರಿಸಬೇಕು. ಹೊದಿಕೆ ಹಾಕುವುದು ಇದೆಲ್ಲ ಆದ ಮೇಲೆ.

ಮುಂಗಾರು ಬಂದ ಮೇಲೆ ತೊಟ್ಟಿಕ್ಕುವ ನೀರು

ಏಪ್ರಿಲ್‌ನಲ್ಲಿ ಒಂದು ಹನಿಯೂ ಇಲ್ಲ, ಜೂನ್‌ನಲ್ಲಿ ಸೀಲಿಂಗ್ ಮೇಲೆ ಕಂದು ಕಲೆ. ಮನೆಯವರು ಸ್ಲ್ಯಾಬ್ ಸೋರುತ್ತಿದೆ ಎಂದು ವಾಟರ್‌ಪ್ರೂಫಿಂಗ್ ಮಾಡಿಸಲು ಹೊರಡುತ್ತಾರೆ. ಒಂದು ದಿನ ತಡೆಯಿರಿ.

ಹುಬ್ಬಳ್ಳಿಯ ಬೇಸಿಗೆಯಲ್ಲಿ 38 ಡಿಗ್ರಿ ಬಿಸಿಲಿದ್ದು ತೇವಾಂಶ ಶೇಕಡ 25 ಇದ್ದರೆ, ಗಾಳಿಯ ತೇವ ಹನಿಯಾಗಲು ಮೇಲ್ಮೈ 15 ಡಿಗ್ರಿಗಿಂತ ತಣ್ಣಗಿರಬೇಕು. ಡಕ್ಟ್‌ನ ಹೊದಿಕೆ ಅರೆಕೊರೆಯಾಗಿದ್ದರೂ ಬೆವರುವುದಿಲ್ಲ. ಜೂನ್‌ನಲ್ಲಿ ಗಾಳಿ 28 ಡಿಗ್ರಿಗೆ ಇಳಿದು ತೇವಾಂಶ ಶೇಕಡ 80ಕ್ಕೆ ಏರಿದಾಗ ಅದೇ ಗಡಿ 24 ಡಿಗ್ರಿಗೆ ಬರುತ್ತದೆ. ಒಳಗೆ ಹರಿಯುವ ಗಾಳಿ 15 ಡಿಗ್ರಿ. ಹೊದಿಕೆ ಸೀಳಿದಲ್ಲೆಲ್ಲ ನೀರು. ಮಲೆನಾಡಿನ ಅಂಚಿನಲ್ಲಿರುವ ಧಾರವಾಡದಲ್ಲಿ ಇದು ಇನ್ನೂ ಹೆಚ್ಚು. ದೋಷ ಹುಟ್ಟಿದ್ದು ಡಕ್ಟ್ ಹಾಕಿದ ದಿನ, ಕಂಡದ್ದು ಮಳೆಗಾಲದಲ್ಲಿ.

ಮಳೆ ಸುರಿಯುವ ದಿನ ಎಸಿ ಪೂರ್ತಿ ನಿಲ್ಲಿಸಿ. ಆದರೂ ಕಲೆ ಬೆಳೆದರೆ ಸ್ಲ್ಯಾಬ್ ನೋಡಿಸಿ. ಮಳೆಯಿಲ್ಲದ ರಾತ್ರಿ ಎಸಿ ಓಡಿದಾಗ ಬೆಳೆದರೆ ಅದು ಡಕ್ಟ್‌ನ ಬೆವರು, ಇಲ್ಲವೇ ಡ್ರೈನ್. ಬೆವರಿಗೆ ಹೊದಿಕೆಯ ಕೀಲುಗಳನ್ನು ಮುಚ್ಚಬೇಕು. ಮುಖ್ಯವಾಗಿ ತೂಗುಕಂಬಿ ಡಕ್ಟ್‌ನ ತಗಡನ್ನು ನೇರ ಮುಟ್ಟುವ ಜಾಗ ನೋಡಿ, ತಂಪು ಅಲ್ಲಿಂದಲೇ ಕಂಬಿಗೆ ಏರಿ ಹನಿಯುತ್ತದೆ. ಸ್ಲ್ಯಾಬ್ ಕೆಳಗಿನ ಟೊಳ್ಳಿಗೆ 13 ಮಿಲಿಮೀಟರ್ ನೈಟ್ರೈಲ್ ರಬ್ಬರ್ ಹೊದಿಕೆಗಿಂತ 19 ಮಿಲಿಮೀಟರಿನದು ಮೇಲು.

ಡ್ರೈನ್ ವಿಷಯ ಸ್ವಲ್ಪ ಬೇರೆ. ಬ್ಲೋವರ್ ಗಾಳಿ ಎಳೆಯುವ ಬದಿಯಲ್ಲಿ ನೀರಿನ ತಟ್ಟೆಯಿದ್ದರೆ, ಪೈಪಿಗೆ ಯು ಆಕಾರದ ಟ್ರ್ಯಾಪ್ ಇಲ್ಲದಿದ್ದಾಗ ಪೈಪಿನಿಂದ ಗಾಳಿ ಒಳನುಗ್ಗಿ ನೀರನ್ನು ಇಳಿಯಗೊಡುವುದಿಲ್ಲ. ತಟ್ಟೆ ತುಂಬಿ ಚೆಲ್ಲುತ್ತದೆ. ಎಸಿ ನಿಂತ ಕೂಡಲೇ ಪೈಪಿನಿಂದ ನೀರು ದಬದಬ ಸುರಿದರೆ ಇದೇ ಕಾರಣ. ಎರಡು ಇಂಚು ಆಳದ ಟ್ರ್ಯಾಪ್ ಮನೆಯ ಯಂತ್ರಕ್ಕೆ ಸಾಕು. ಬಹಳ ದಿನ ಬಿಟ್ಟು ಓಡಿಸುವಾಗ ಅದರಲ್ಲಿ ಒಂದು ಲೋಟ ನೀರು ಹಾಕಿಡಿ, ಒಣಗಿದ ಟ್ರ್ಯಾಪ್ ಇದ್ದೂ ಇಲ್ಲದಂತೆ.

ಸದ್ದುಗಳು

ಗ್ರಿಲ್‌ನಲ್ಲಿ ಸಿಳ್ಳೆ ಬಂದರೆ ಗ್ರಿಲ್ ಚಿಕ್ಕದು ಅಥವಾ ಡ್ಯಾಂಪರ್ ಅರ್ಧ ಮುಚ್ಚಿದೆ. ಶುರುವಾಗುವಾಗ, ನಿಲ್ಲುವಾಗ ‘ಢಬ್’ ಎಂದರೆ ಅಗಲವಾದ ತಗಡಿಗೆ ಅಡ್ಡ ಮಡಿಕೆ ಕೊಟ್ಟಿಲ್ಲ. ಗೋಡೆಯಲ್ಲೆಲ್ಲ ಗುಂಯ್‌ಗುಡುತ್ತಿದ್ದರೆ ಯಂತ್ರಕ್ಕೂ ಡಕ್ಟ್‌ಗೂ ನಡುವೆ ಕ್ಯಾನ್‌ವಾಸ್ ಜೋಡಣೆ ಇಲ್ಲ.

ಗದಗದ ಕೂಲರ್ ಡಕ್ಟ್, ಧಾರವಾಡದ ಚಳಿ

ಗದಗದಂಥ ಒಣ ಹವೆಯ ಊರಿನಲ್ಲಿ ನೀರಿನ ಕೂಲರ್‌ಗೆ ಡಕ್ಟ್ ಹಾಕಿಸುವುದು ಜಾಣತನ. 38 ಡಿಗ್ರಿಯ ಒಣಗಾಳಿಯನ್ನು ಒಳ್ಳೆಯ ಪ್ಯಾಡ್ 25-26ಕ್ಕೆ ಇಳಿಸಬಲ್ಲದು. ಆದರೆ ಅದರ ನಿಯಮ ಎಸಿಗೆ ತದ್ವಿರುದ್ಧ: ರಿಟರ್ನ್ ಇರಕೂಡದು, ಕಿಟಕಿ ತೆರೆದಿರಬೇಕು, ಗಾಳಿ ಎಸಿಗಿಂತ ಬಹಳ ಹೆಚ್ಚು ಬೇಕಾದ್ದರಿಂದ ಡಕ್ಟ್ ಕೂಡ ದೊಡ್ಡದಿರಬೇಕು. ‘ಕೂಲರ್ ಹಾಕಿದರೆ ಮೈ ಅಂಟಂಟು’ ಎಂಬ ದೂರು ಬಂದ ಮನೆಯಲ್ಲಿ ಮೊದಲು ಕಿಟಕಿ ತೆರೆಯಿರಿ. ಕೊಳವೆಬಾವಿಯ ಗಡಸು ನೀರಿನಿಂದ ಪ್ಯಾಡ್ ಮೇಲೆ ಬಿಳಿ ಪದರ ಕಟ್ಟಿದರೆ ಗಾಳಿಯೂ ತಂಪೂ ಎರಡೂ ಕುಸಿಯುತ್ತವೆ. ತೊಟ್ಟಿಯ ನೀರನ್ನು ಆಗಾಗ ಪೂರ್ತಿ ಚೆಲ್ಲಬೇಕು. ಮಳೆಗಾಲದಲ್ಲಿ ಕೂಲರ್ ತಂಪು ಕೊಡದಿರುವುದು ದೋಷವಲ್ಲ.

ಧಾರವಾಡದ ಡಿಸೆಂಬರ್ ಚಳಿಗೆ ಅದೇ ಯಂತ್ರವನ್ನು ಬಿಸಿಗೆ ಬಳಸುವವರು ಕೆಲವರಿದ್ದಾರೆ. ಕಾಲು ತಣ್ಣಗೇ ಇದ್ದರೆ ಗ್ರಿಲ್‌ನ ಪಟ್ಟಿಗಳನ್ನು ನೆಲದ ಕಡೆ ತಿರುಗಿಸಿ, ಫ್ಯಾನ್ ವೇಗ ಹೆಚ್ಚಿಸಿ.

ಹೊಸ ಮನೆಯವರಿಗೆ

ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ, ಧಾರವಾಡ ಇನ್ನೂ ಎತ್ತರ. ಇಲ್ಲಿನ ಗಾಳಿ ಕರಾವಳಿಗಿಂತ ಶೇಕಡ ಆರೇಳರಷ್ಟು ತೆಳು. ಅಷ್ಟೇ ಘನ ಅಡಿಯಲ್ಲಿ ಒಯ್ಯುವ ತಂಪೂ ಅಷ್ಟು ಕಡಿಮೆ. ಮಂಗಳೂರಿನಂಥ ತೇವದ ಊರಿಗೆ ಟನ್ನಿಗೆ 350 ಸಿಎಫ್‌ಎಂ ಹಿಡಿದು ಮಾಡಿದ ನಕ್ಷೆಯನ್ನು ಇಲ್ಲಿಗೆ ತರಬೇಡಿ, 400ಕ್ಕಿಂತ ಕೆಳಗೆ ಇಳಿಯಬೇಡಿ. ಪಶ್ಚಿಮದ ಕೋಣೆಯ ಗಾಳಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿಸಿ, ವಿಸ್ತೀರ್ಣ ನೋಡಿ ಸಮಪಾಲು ಹಂಚಿಸಬೇಡಿ. ಡಕ್ಟ್‌ನ ನಕ್ಷೆಯನ್ನು ಬೀಮ್‌ಗಳ ನಕ್ಷೆಯ ಮೇಲಿಟ್ಟು ನೋಡಿದ ನಂತರವೇ ಫಾಲ್ಸ್ ಸೀಲಿಂಗ್ ಎಷ್ಟು ಇಳಿಯಬೇಕೆಂದು ನಿರ್ಧರಿಸಿ.

ಪಿಒಪಿ ಮುಚ್ಚುವ ಹಿಂದಿನ ದಿನ ಯಂತ್ರ ಓಡಿಸಿ, ಪ್ರತಿ ಕೀಲಿಗೂ ಊದುಬತ್ತಿ ಹಿಡಿದು, ಪ್ರತಿ ಗ್ರಿಲ್‌ಗೂ ಚೀಲದ ಪರೀಕ್ಷೆ ಮಾಡಿ. ಸಿಕ್ಕ ಅಂಕಿಗಳನ್ನು ಮಾರ್ಕರ್‌ನಿಂದ ಪ್ಲೀನಮ್ ಮೇಲೆಯೇ ಬರೆದಿಡಿ. ಡಕ್ಟ್‌ಗಳ ಹಾದಿಯನ್ನು ಗೋಡೆಗಳೂ ಕಾಣುವಂತೆ ಫೋಟೊ ತೆಗೆದಿಡಿ. ಯಂತ್ರದ ಕೆಳಗೆ ಎರಡು ಅಡಿ ಚೌಕದ ಬಾಗಿಲನ್ನು ಬಿಡಿಸಿ. ಬ್ಲೋವರ್ ಮೋಟಾರು ಇಳಿಸಲು, ತಟ್ಟೆ ತೊಳೆಯಲು, ಮೇಲಿನ ಪರೀಕ್ಷೆಗಳಲ್ಲಿ ಅರ್ಧದಷ್ಟನ್ನು ಮಾಡಲು ಬೇರೆ ದಾರಿಯಿಲ್ಲ. ಸೀಲಿಂಗ್‌ನ ಅಂದ ಕೆಡುತ್ತದೆ ಎಂದು ವಿನ್ಯಾಸಕಾರರು ಹೇಳಿದರೆ ಆ ಬಾಗಿಲಿಗೂ ಅದೇ ಬಣ್ಣ ಬಳಿಸಿ, ಆದರೆ ಅದನ್ನು ತೆಗೆದುಹಾಕಲು ಒಪ್ಪಬೇಡಿ.